ಸಾರಿನ ಪುಡಿಯೋ, ಮಸಾಲೆ ಡಬ್ಬಿಯೋ? ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಕೊಳ್ಳುವ ಮುನ್ನ

ನನ್ನ ಚಿಕ್ಕಪ್ಪನ ಮಗ ತಿಪಟೂರಿನಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋ ಮಾಡುತ್ತಾನೆ. ಮೊನ್ನೆ ಹೊಸ ಕ್ಯಾಮೆರಾ ಕೊಂಡ. ಮೊದಲ ಆರ್ಡರ್ ಮುಗಿಸಿ ಮನೆಗೆ ಬಂದವನೇ ಕಾರ್ಡ್ ಹಾಕಿ ಕ್ಲಿಪ್‌ಗಳನ್ನು ಎಡಿಟರ್‌ಗೆ ಎಳೆದುಕೊಂಡ. ವಾಲಗದ ಸದ್ದು ಚೆನ್ನಾಗಿ ಕೇಳಿಸಿತು. ಚಿತ್ರ ಮಾತ್ರ ಇಲ್ಲ, ಪರದೆ ಪೂರ್ತಿ ಕಪ್ಪು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್: "ಅಣ್ಣಾ, ಕ್ಯಾಮೆರಾ ಕೆಟ್ಟಿದ್ಯಾ, ಸಾಫ್ಟ್‌ವೇರ್ ಕೆಟ್ಟಿದ್ಯಾ?"

ಎರಡೂ ಕೆಟ್ಟಿರಲಿಲ್ಲ. ಆ ಕ್ಯಾಮೆರಾ ಬರೆಯುವ ಫೈಲನ್ನು ಬಿಡಿಸಿ ಓದಲು ಅವನ ಉಚಿತ ಎಡಿಟರ್‌ಗೆ ಬರುತ್ತಿರಲಿಲ್ಲ, ಅಷ್ಟೇ. ಮಾರನೇ ದಿನ ಅಂಗಡಿಯಲ್ಲಿ ಒಬ್ಬರು "ಪ್ರೊಫೆಷನಲ್ ವರ್ಷನ್ ತಗೊಂಡುಬಿಡಿ" ಅಂದರಂತೆ. ಪಕ್ಕದಲ್ಲಿದ್ದವರು "ಸುಮ್ನೆ ದುಡ್ಡು ದಂಡ, ಫೋನ್ ಆ್ಯಪ್‌ನಲ್ಲೇ ಎಲ್ಲಾ ಆಗುತ್ತೆ" ಅಂದರಂತೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ನಿನ್ನ ಹತ್ತಿರ ಎಂಥ ಫೈಲ್ ಇದೆ, ನೀನು ಅದನ್ನು ಮಾಡಿ ಯಾರಿಗೆ ಕೊಡಬೇಕು ಅಂತ ಇಬ್ಬರೂ ಅವನನ್ನು ಕೇಳಲಿಲ್ಲ.

ಪಾಠದ ವಿಡಿಯೋ ಮಾಡುವ ಮೇಷ್ಟ್ರು, ಅಡುಗೆ ಚಾನೆಲ್ ನಡೆಸುವವರು, ಊರ ಯಕ್ಷಗಾನ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗರು, ಎಲ್ಲರೂ ಒಂದು ದಿನ ಇದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ಸಾಧಾರಣ ಆವೃತ್ತಿ ಸಾಕಾ, ಪ್ರೊಫೆಷನಲ್ ಬೇಕಾ? ಬುಡದಿಂದ ನೋಡೋಣ.

ಎಡಿಟರ್ ಒಳಗೆ ನಡೆಯುವುದೇನು?

ನೀವು ಕ್ಲಿಪ್ ಕತ್ತರಿಸಿದಾಗ ಮೂಲ ಫೈಲ್ ಕತ್ತರಿಸಿ ಹೋಗುವುದಿಲ್ಲ. ಎಡಿಟರ್ ಒಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ: "ಮೊದಲ ಕ್ಲಿಪ್‌ನ 12ನೇ ಸೆಕೆಂಡಿನಿಂದ 19ರ ತನಕ ತೋರಿಸು, ಆಮೇಲೆ ಎರಡನೇ ಕ್ಲಿಪ್, ಅದರ ಮೇಲೆ ಈ ಹೆಸರು, ಕೆಳಗೆ ಈ ಹಾಡು." ಈ ಚೀಟಿಯೇ ಪ್ರಾಜೆಕ್ಟ್ ಫೈಲ್. ಅದಕ್ಕೇ ಅದು ಇಷ್ಟು ಚಿಕ್ಕದು. ಮೂಲ ಕ್ಲಿಪ್ ಅಳಿಸಿ ಪ್ರಾಜೆಕ್ಟ್ ಫೈಲ್ ಮಾತ್ರ ಇಟ್ಟುಕೊಂಡರೆ ಆರು ತಿಂಗಳಾದ ಮೇಲೆ ಏನೂ ತೆರೆಯದಿರುವುದೂ ಅದಕ್ಕೇ. ಚೀಟಿ ನೋಡಿಕೊಂಡು ನಿಜವಾದ ಅಡುಗೆ ಮಾಡುವುದು ಎಕ್ಸ್‌ಪೋರ್ಟ್ ಒತ್ತಿದಾಗ. ಆಗಲೇ ಹೊಸ ವಿಡಿಯೋ ಫೈಲ್ ಹುಟ್ಟುವುದು.

ಕತ್ತರಿಸು, ಜೋಡಿಸು, ಹೆಸರು ಹಾಕು, ಹಾಡು ಸೇರಿಸು. ಈ ಕೆಲಸಗಳನ್ನು ಇವತ್ತು ಯಾವ ಎಡಿಟರ್ ಆದರೂ ಮಾಡುತ್ತದೆ. ವ್ಯತ್ಯಾಸ ಇರುವುದು ಬೇರೆ ಕಡೆ.

ಪುಡಿ ಪ್ಯಾಕೆಟ್ ಮತ್ತು ಮಸಾಲೆ ಡಬ್ಬಿ

ಅಂಗಡಿಯ ಸಾರಿನ ಪುಡಿ ತಂದರೆ ಧನಿಯಾ ಎಷ್ಟು, ಮೆಣಸಿನಕಾಯಿ ಎಷ್ಟು ಅನ್ನುವ ತೀರ್ಮಾನ ಆಗಲೇ ಆಗಿಹೋಗಿರುತ್ತದೆ. ನೀವು ಎರಡು ಚಮಚ ಹಾಕಿದರೆ ಸಾರು ರೆಡಿ. ಮಸಾಲೆ ಡಬ್ಬಿ ತೆರೆದರೆ ಪ್ರತಿಯೊಂದನ್ನೂ ನೀವೇ ಅಳತೆ ಮಾಡಬೇಕು. ಗೊತ್ತಿದ್ದವರ ಕೈಯಲ್ಲಿ ಅದು ಅಮೃತ, ಗೊತ್ತಿಲ್ಲದವರ ಕೈಯಲ್ಲಿ ಬರೀ ಖಾರ.

ಸಾಧಾರಣ ಎಡಿಟರ್ ಪುಡಿ ಪ್ಯಾಕೆಟ್ ಇದ್ದ ಹಾಗೆ. ಆ್ಯಪಲ್‌ನ ಐಮೂವಿಯನ್ನೇ ತೆಗೆದುಕೊಳ್ಳಿ. ಮ್ಯಾಕ್‌ನಲ್ಲಿ ನೀವು ಮೊದಲು ಹಾಕಿದ ಕ್ಲಿಪ್ ನೋಡಿ ವಿಡಿಯೋದ ಅಳತೆ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಅಂತ ತಾನೇ ತೀರ್ಮಾನಿಸುತ್ತದೆ. ಒಂದರ ಮೇಲೊಂದು ಎರಡೇ ಸಾಲು ವಿಡಿಯೋ ಇಡಬಹುದು. ಅದೇ ಕಂಪನಿಯ ಫೈನಲ್ ಕಟ್ ಪ್ರೊ ತೆರೆದರೆ ಅಳತೆ, ಫ್ರೇಮ್ ಲೆಕ್ಕ, ಬಣ್ಣದ ಮಾನದಂಡ ಎಲ್ಲವನ್ನೂ ನೀವು ನಿಗದಿ ಮಾಡಬಹುದು, ಸಾಲುಗಳನ್ನು ಬೇಕಾದಷ್ಟು ಪೇರಿಸಬಹುದು. ಎರಡೂ ಹುಟ್ಟಿದ್ದು 1999ರಲ್ಲಿ. ಅಂದರೆ ಮನೆಯವರಿಗೆ ಒಂದು, ಕಸುಬಿನವರಿಗೆ ಒಂದು ಅನ್ನುವ ಲೆಕ್ಕ ಮೊದಲ ದಿನದಿಂದಲೇ ಇತ್ತು.

ಅಡೋಬಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಪ್ರೀಮಿಯರ್ 1991ರದ್ದು. 2003ರಲ್ಲಿ ಅದು ಪ್ರೀಮಿಯರ್ ಪ್ರೊ ಆಯಿತು. ಮಾರನೇ ವರ್ಷ ಮನೆ ಬಳಕೆಗೆ ಪ್ರೀಮಿಯರ್ ಎಲಿಮೆಂಟ್ಸ್ ಬಂತು. ಹೆಸರು ಒಂದೇ ಮನೆತನದ್ದಾದರೂ ಇವು ಬೇರೆ ಬೇರೆ ಸಾಫ್ಟ್‌ವೇರ್‌ಗಳು.

ಡಾವಿಂಚಿ ರಿಸಾಲ್ವ್‌ದು ಇನ್ನೊಂದು ದಾರಿ. ಇಲ್ಲಿ ಸಾಫ್ಟ್‌ವೇರ್ ಒಂದೇ, ಕೆಲವು ಕೋಣೆಗಳಿಗೆ ಮಾತ್ರ ಬೀಗ. ಒಂದು ಕಾಲಕ್ಕೆ ಸಿನಿಮಾದ ಬಣ್ಣ ತಿದ್ದಲು ಲಕ್ಷಗಟ್ಟಲೆ ಡಾಲರ್ ಕೊಟ್ಟು ಕೊಳ್ಳುತ್ತಿದ್ದ ಯಂತ್ರ ಇದು. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಇದನ್ನು ಮಾಡುತ್ತಿದ್ದ ಕಂಪನಿಯನ್ನು ಕೊಂಡುಕೊಂಡಿತು. ಆಮೇಲೆ ಒಂದು ಆವೃತ್ತಿಯನ್ನು ಉಚಿತವಾಗಿ ಬಿಟ್ಟಿತು. ಉಚಿತದಲ್ಲಿ 3840×2160 ಅಳತೆಯ ವಿಡಿಯೋವನ್ನು ಸೆಕೆಂಡಿಗೆ 60 ಫ್ರೇಮ್‌ವರೆಗೆ ಎಕ್ಸ್‌ಪೋರ್ಟ್ ಮಾಡಬಹುದು. ಮನೆಯ 4ಕೆ ಟಿವಿಗೆ ಇದಕ್ಕಿಂತ ಜಾಸ್ತಿ ಬೇಕಾಗಿಯೇ ಇಲ್ಲ. ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು ತೆಗೆಯುವ ನಾಯ್ಸ್ ರಿಡಕ್ಷನ್‌ನಂಥ ಸೌಲಭ್ಯಗಳು ದುಡ್ಡು ಕೊಡುವ 'ಸ್ಟುಡಿಯೊ' ಆವೃತ್ತಿಯಲ್ಲಿ ಮಾತ್ರ. ಉಚಿತದಲ್ಲಿ ಅವನ್ನು ಮುಟ್ಟಿದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬೀಳುತ್ತದೆ.

ಹಾಗಾಗಿ "ಪ್ರೊ" ಅನ್ನುವ ಪದ ಕೇಳಿದ ಕೂಡಲೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಬೇರೆಯೇ ಸಾಫ್ಟ್‌ವೇರಾ, ಅದೇ ಸಾಫ್ಟ್‌ವೇರಿನ ಬೀಗ ತೆಗೆದ ರೂಪವಾ? ಎಷ್ಟೋ ಫೋನ್ ಆ್ಯಪ್‌ಗಳಲ್ಲಿ "ಪ್ರೊ" ಅಂದರೆ ಮೂಲೆಯಲ್ಲಿನ ಲೋಗೊ ಹೋಗುತ್ತದೆ, ನಾಲ್ಕು ಸ್ಟಿಕ್ಕರ್ ಜಾಸ್ತಿ ಸಿಗುತ್ತದೆ, ಅಷ್ಟೇ.

ಕಪ್ಪು ಪರದೆಯ ಗುಟ್ಟು

ಈಗ ತಿಪಟೂರಿಗೆ ವಾಪಸ್ ಬರೋಣ. ಹಳೇ ಕ್ಯಾಮೆರಾದ ಫೈಲ್ ಎಂಪಿ4, ಹೊಸದರದ್ದೂ ಎಂಪಿ4. ಅದು ತೆರೆಯುತ್ತಿತ್ತು, ಇದ್ಯಾಕೆ ತೆರೆಯಲ್ಲ?

ಎಂಪಿ4 ಅನ್ನುವುದು ಬರೀ ಟಿಫಿನ್ ಕ್ಯಾರಿಯರ್. ಒಳಗೆ ಚಿತ್ರಾನ್ನ ಇದೆಯೋ ಬಿಸಿಬೇಳೆಬಾತ್ ಇದೆಯೋ ಹೊರಗಿನಿಂದ ಗೊತ್ತಾಗಲ್ಲ. ಒಳಗೆ ಚಿತ್ರವನ್ನು ಅಡಕ ಮಾಡಿ ಇಟ್ಟ ವಿಧಾನಕ್ಕೆ ಕೋಡೆಕ್ ಅಂತ ಹೆಸರು. ಎಚ್.264 ಹಳೆಯದು, ಎಲ್ಲ ಕಡೆ ಓಡುತ್ತದೆ. ಎಚ್.265 ಹೊಸದು. ಸುಮಾರು ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಕೊಡುತ್ತದೆ, ಆದರೆ ಬಿಡಿಸಿ ಓದಲು ಕಂಪ್ಯೂಟರ್ ಜಾಸ್ತಿ ಬೆವರು ಸುರಿಸಬೇಕು.

ಎರಡೂ ಜಾಗ ಉಳಿಸಲು ಒಂದೇ ಉಪಾಯ ಮಾಡುತ್ತವೆ. ಒಂದು ಫ್ರೇಮನ್ನು ಪೂರ್ತಿ ಬರೆದುಕೊಂಡು, ಮುಂದಿನ ಫ್ರೇಮ್‌ಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತವೆ. ಮಂಟಪ ಅಲ್ಲೇ ಇದೆ, ಪುರೋಹಿತರ ಕೈ ಮಾತ್ರ ಆಡಿತು ಅಂದರೆ ಕೈಯನ್ನಷ್ಟೇ ಬರೆದರೆ ಸಾಕಲ್ವಾ? ನೋಡುವುದಕ್ಕೆ ಇದು ಚೆನ್ನ. ಎಡಿಟಿಂಗ್‌ಗೆ ಕಷ್ಟ. ನೀವು ಟೈಮ್‌ಲೈನ್‌ನ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ) ನಡುವೆ ಎಲ್ಲೋ ಕ್ಲಿಕ್ ಮಾಡಿದರೆ, ಆ ಒಂದು ಫ್ರೇಮ್ ತೋರಿಸಲು ಎಡಿಟರ್ ಹಿಂದಿನ ಪೂರ್ತಿ ಫ್ರೇಮ್ ಹುಡುಕಿ ಅಲ್ಲಿಂದ ಲೆಕ್ಕ ಕಟ್ಟಿಕೊಂಡು ಬರಬೇಕು. ಟೈಮ್‌ಲೈನ್ ತಡೆತಡೆದು ಓಡಲು ಒಂದು ಮುಖ್ಯ ಕಾರಣ ಇದೇ.

ಇನ್ನು ಬಿಟ್ ಲೆಕ್ಕ. 8-ಬಿಟ್ ವಿಡಿಯೋದಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ತಲಾ 256 ಮೆಟ್ಟಿಲು. 10-ಬಿಟ್‌ನಲ್ಲಿ ತಲಾ 1024. ಮೂರನ್ನೂ ಗುಣಿಸಿದರೆ ಮೊದಲನೆಯದರಲ್ಲಿ ಸುಮಾರು 1.67 ಕೋಟಿ ಬಣ್ಣ, ಎರಡನೆಯದರಲ್ಲಿ ಸುಮಾರು 107 ಕೋಟಿ. ನೇರವಾಗಿ ನೋಡಿದರೆ ವ್ಯತ್ಯಾಸ ಕಾಣುವುದು ಕಷ್ಟ. ಆದರೆ ರಿಸೆಪ್ಷನ್ ವೇದಿಕೆಯ ಹಿಂದೆ ನೀಲಿ ಲೈಟ್ ಬಿಟ್ಟ ಬಿಳಿ ಪರದೆ ಇದೆ ಅಂದುಕೊಳ್ಳಿ. ಮೇಲೆ ಗಾಢ, ಕೆಳಗೆ ಬರುತ್ತಾ ತಿಳಿ. ಅದನ್ನು ಸ್ವಲ್ಪ ಬೆಳಗಿಸಿ, ಕಾಂಟ್ರಾಸ್ಟ್ ಏರಿಸಿ ನೋಡಿ. 8-ಬಿಟ್‌ನಲ್ಲಿ ಆ ಪರದೆಯ ಮೇಲೆ ಸೀರೆ ಅಂಚಿನ ಥರ ಪಟ್ಟೆಪಟ್ಟೆ ಏಳುತ್ತದೆ, ಮೆಟ್ಟಿಲು ಕಡಿಮೆ ಇದ್ದದ್ದಕ್ಕೆ. 10-ಬಿಟ್‌ನಲ್ಲಿ ಆ ಇಳಿಜಾರು ನುಣ್ಣಗೆ ಉಳಿಯುತ್ತದೆ.

ಹೊಸ ಕ್ಯಾಮೆರಾ ಬರೆದದ್ದು 10-ಬಿಟ್‌ನ ಎಚ್.265. ಹಲವು ಉಚಿತ ಮತ್ತು ಸಾಧಾರಣ ಆವೃತ್ತಿಗಳು ಇಲ್ಲೇ ಗೆರೆ ಎಳೆಯುತ್ತವೆ. ಧ್ವನಿ ಬೇರೆ ಕೋಡೆಕ್‌ನಲ್ಲಿ ಇರುವುದರಿಂದ ವಾಲಗ ಕೇಳಿಸಿತು. ಚಿತ್ರ ಬಿಡಿಸಲಾಗಲಿಲ್ಲ.

ಇದಕ್ಕೆ ಪ್ರೊಫೆಷನಲ್ ಆವೃತ್ತಿ ಕೊಳ್ಳುವುದು ಒಂದೇ ದಾರಿ ಅಲ್ಲ. ಕ್ಯಾಮೆರಾದ ಮೆನುವಿನಲ್ಲಿ 8-ಬಿಟ್ ಎಚ್.264 ಇಟ್ಟುಕೊಂಡು ತೆಗೆಯಬಹುದು. ಆಗಲೇ ತೆಗೆದಾಗಿದ್ದರೆ ಉಚಿತ ಕನ್ವರ್ಟರ್‌ನಲ್ಲಿ ಎಡಿಟಿಂಗ್‌ಗೆ ಒಗ್ಗುವ ಪ್ರೋರೆಸ್‌ನಂಥ ರೂಪಕ್ಕೆ ಬದಲಿಸಿಕೊಳ್ಳಬಹುದು. ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದರಿಂದ ಎಡಿಟರ್‌ಗೆ ಹಗುರ. ಜಾಗ ಮಾತ್ರ ವಿಪರೀತ ತಿನ್ನುತ್ತದೆ. 4ಕೆ ಅಳತೆ, ಸೆಕೆಂಡಿಗೆ 25 ಫ್ರೇಮ್, ಪ್ರೋರೆಸ್‌ನಲ್ಲೇ ಮೇಲ್ಮಟ್ಟದ 422 ಎಚ್‌ಕ್ಯೂ ರೂಪ ಆದರೆ ಒಂದು ಗಂಟೆಗೆ 300 ಜಿಬಿ ದಾಟುತ್ತದೆ. ನಮ್ಮ ಹುಡುಗ ಆ ರಾತ್ರಿ ಮಾಡಿದ್ದು ಇದನ್ನೇ. ಬೆಳಗಾಗುವಷ್ಟರಲ್ಲಿ ಹಾರ್ಡ್ ಡಿಸ್ಕ್ ತುಂಬಿತ್ತು. ಮಾಂಗಲ್ಯಧಾರಣೆಗೆ ಬಂದಾಗ ಜಾಗ ಖಾಲಿ!

ಪ್ರಾಕ್ಸಿ ಅನ್ನುವ ಡಮ್ಮಿ

ಪ್ರೊಫೆಷನಲ್ ಎಡಿಟರ್‌ಗಳು ಇದಕ್ಕೆ ಪ್ರಾಕ್ಸಿ ಅನ್ನುವ ಉಪಾಯ ಕೊಡುತ್ತವೆ. ದೊಡ್ಡ ಕ್ಲಿಪ್ ಪ್ರತಿಯೊಂದಕ್ಕೂ ಒಂದು ಸಣ್ಣ, ಹಗುರ ನಕಲು ಮಾಡಿಕೊಂಡು ಅದರ ಮೇಲೆ ಕಟಿಂಗ್ ಮಾಡುವುದು. ಎಕ್ಸ್‌ಪೋರ್ಟ್ ಒತ್ತಿದಾಗ ಸಾಫ್ಟ್‌ವೇರ್ ತಾನೇ ಅಸಲಿ ಕ್ಲಿಪ್‌ಗೆ ಹೋಗಿ ಅದರಿಂದ ವಿಡಿಯೋ ತೆಗೆಯುತ್ತದೆ. ಹಳೇ ಲ್ಯಾಪ್‌ಟಾಪ್ ಇರುವವರಿಗೆ ನೂರು ಎಫೆಕ್ಟ್‌ಗಳಿಗಿಂತ ಇದೊಂದು ಸೌಲಭ್ಯ ದೊಡ್ಡದು. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದು ಇದೆ.

ಜಾಗದ ಲೆಕ್ಕವನ್ನೂ ಒಮ್ಮೆ ಹಾಕಿಬಿಡಿ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ ಅಂದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ತಲಾ ಐದು ಗಂಟೆ ಓಡಿದರೆ ಒಂದೇ ಮದುವೆಗೆ 450 ಜಿಬಿ. ಸಾಫ್ಟ್‌ವೇರ್‌ಗೆ ಇಟ್ಟ ದುಡ್ಡಿನಲ್ಲಿ ಮೊದಲು ಒಂದು ಒಳ್ಳೇ ಎಸ್‌ಎಸ್‌ಡಿ ತರುವುದು ಜಾಣತನ ಅನ್ನುವುದು ನನ್ನ ಲೆಕ್ಕ.

ಕನ್ನಡ ಒತ್ತಕ್ಷರದ ಪರೀಕ್ಷೆ

ಬೇರೆ ಭಾಷೆಯವರು ಬರೆದ ಯಾವ ಹೋಲಿಕೆ ಪಟ್ಟಿಯಲ್ಲೂ ಸಿಗದ ಪ್ರಶ್ನೆ ಒಂದಿದೆ. ನೀವು ಆರಿಸುವ ಎಡಿಟರ್‌ಗೆ ಕನ್ನಡ ಬರುತ್ತದಾ?

ಯೂನಿಕೋಡ್‌ನಲ್ಲಿ (ಇಂದಿನ ಕಂಪ್ಯೂಟರ್, ಫೋನ್‌ಗಳು ಬಳಸುವ ಅಕ್ಷರ ಸಂಕೇತದಲ್ಲಿ) "ಕ್ಷ" ಅಂತ ಬರೆದರೆ ಕಂಪ್ಯೂಟರ್ ಒಳಗೆ ಅದು ಕ, ಅರ್ಧಾಕ್ಷರದ ಚಿಹ್ನೆ, ಷ ಅಂತ ಮೂರು ತುಂಡಾಗಿ ಕೂತಿರುತ್ತದೆ. ಅವನ್ನು ಸೇರಿಸಿ ಒತ್ತು ಕೆಳಗಿಳಿಸುವುದು ಸಾಫ್ಟ್‌ವೇರಿನ ಕೆಲಸ. ಆ ಕೆಲಸ ಬಾರದ ಸಾಫ್ಟ್‌ವೇರ್‌ನಲ್ಲಿ "ಲಕ್ಷ್ಮೀ" ಹೋಗಿ "ಲಕ್‌ಷ್‌ಮೀ" ಆಗುತ್ತದೆ. ಮದುಮಗಳ ಹೆಸರೇ ಹಾಗೆ ಬಂದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇಲ್ಲಿ ತಮಾಷೆ ಏನೆಂದರೆ, ದುಬಾರಿ ಸಾಫ್ಟ್‌ವೇರ್ ಅಂದ ಮಾತ್ರಕ್ಕೆ ಕನ್ನಡ ಸರಿ ಬರುತ್ತದೆ ಅಂತಿಲ್ಲ. ಎಷ್ಟೋ ಫೋನ್ ಆ್ಯಪ್‌ಗಳು ಅಕ್ಷರ ಜೋಡಣೆಯನ್ನು ಫೋನಿಗೇ ಬಿಡುವುದರಿಂದ ಅಲ್ಲಿ ಒತ್ತಕ್ಷರ ಸಲೀಸಾಗಿ ಬರುತ್ತದೆ. ಪ್ರೀಮಿಯರ್ ಪ್ರೊದಲ್ಲಾದರೆ ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ಭಾಗದಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಲಿಪಿಗಳ ಆಯ್ಕೆ ಹಾಕಬೇಕು. ಇದು ಗೊತ್ತಿಲ್ಲದೆ "ಇದರಲ್ಲಿ ಕನ್ನಡ ಬರಲ್ಲ" ಅಂತ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಇನ್ನೂ ನುಡಿ, ಬರಹದ ಹಳೇ ಫಾಂಟ್‌ಗಳು ಓಡುವುದಕ್ಕೂ ಇದೇ ಕಾರಣ. ಅವುಗಳಲ್ಲಿ ಪ್ರತಿ ಒತ್ತೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಒಂದು ಬಿಡಿ ಚಿತ್ರವಾಗಿ ಕೂತಿರುತ್ತದೆ. ಸೇರಿಸುವ ಕೆಲಸವೇ ಇಲ್ಲ, ಹಾಗಾಗಿ ಯಾವ ಎಡಿಟರ್‌ನಲ್ಲೂ ಒಡೆಯುವುದಿಲ್ಲ. ಆದರೆ ಯೂಟ್ಯೂಬ್‌ಗೆ ಸಬ್‌ಟೈಟಲ್ ಫೈಲ್ ಹಾಕಬೇಕಾದರೆ ಯೂನಿಕೋಡ್ ಬೇಕೇ ಬೇಕು.

ಕಸುಬಿನವರು ಕೇಳುವುದು ಏನನ್ನು?

2011ರಲ್ಲಿ ಆ್ಯಪಲ್ ಫೈನಲ್ ಕಟ್ ಅನ್ನು ಬುಡಸಮೇತ ಹೊಸದಾಗಿ ಬರೆದು, ಫೈನಲ್ ಕಟ್ ಪ್ರೊ ಎಕ್ಸ್ ಅಂತ 299.99 ಡಾಲರ್‌ಗೆ ಬಿಟ್ಟಿತು. ವೇಗವಾಗಿತ್ತು, ನೋಡಲು ಚೆನ್ನಾಗಿತ್ತು, ಹಳೆಯದಕ್ಕಿಂತ ಅಗ್ಗ. ಆದರೂ ಸಿನಿಮಾ, ಟಿವಿಯವರು ಸಿಟ್ಟಾದರು. "ಐಮೂವಿ ಪ್ರೊ" ಅಂತ ಆಡಿಕೊಂಡರು. ಯಾಕೆ? ಹಳೇ ಪ್ರಾಜೆಕ್ಟ್‌ಗಳು ತೆರೆಯುತ್ತಿರಲಿಲ್ಲ. ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸುವ ಮಲ್ಟಿಕ್ಯಾಮ್ ಇರಲಿಲ್ಲ. ಎಡಿಟ್ ಮಾಡಿದ್ದನ್ನು ಧ್ವನಿಯವರಿಗೆ, ಬಣ್ಣದವರಿಗೆ ದಾಟಿಸುವ ಫೈಲ್‌ಗಳು ಹೊರಗೆ ಬರುತ್ತಿರಲಿಲ್ಲ. ಇವುಗಳಲ್ಲಿ ಹಲವು ಮುಂದಿನ ಅಪ್‌ಡೇಟ್‌ಗಳಲ್ಲಿ ವಾಪಸ್ ಬಂದವು, ಮಲ್ಟಿಕ್ಯಾಮ್ 2012ರ ಜನವರಿಯಲ್ಲಿ.

ಅವರು ಬೇಡಿದ ಪಟ್ಟಿಯನ್ನು ನೋಡಿ. ಒಂದೂ ಎಫೆಕ್ಟ್ ಅಲ್ಲ. ಎಲ್ಲವೂ ಇನ್ನೊಬ್ಬರ ಜೊತೆ ಸೇರಿ ಕೆಲಸ ಮಾಡಲು ಬೇಕಾದವು. ಕೆಲವರು ಹಳೆಯದನ್ನು ಬಿಡಲೇ ಇಲ್ಲ. 2019ರ ಕೊರಿಯನ್ ಸಿನಿಮಾ 'ಪ್ಯಾರಸೈಟ್' ಎಡಿಟ್ ಆದದ್ದು ಆ್ಯಪಲ್ 2011ರಲ್ಲೇ ಕೈಬಿಟ್ಟಿದ್ದ ಫೈನಲ್ ಕಟ್ ಪ್ರೊ 7ರಲ್ಲಿ. ಆ ಸಿನಿಮಾಕ್ಕೇ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು.

ನಮ್ಮ ಮದುವೆ ಎಡಿಟರ್‌ಗಳಲ್ಲಿ ಎಡಿಯಸ್ ಅನ್ನುವ ಸಾಫ್ಟ್‌ವೇರ್ ಇಷ್ಟು ಬೇರೂರಿರುವುದನ್ನೂ ಹೀಗೇ ಅರ್ಥ ಮಾಡಿಕೊಳ್ಳಬಹುದು. ಹಲವು ಥರದ ಕ್ಲಿಪ್‌ಗಳನ್ನು ಕನ್ವರ್ಟ್ ಮಾಡದೆಯೇ ಒಂದೇ ಟೈಮ್‌ಲೈನ್‌ನಲ್ಲಿ ಓಡಿಸುತ್ತದೆ. ಜೊತೆಗೆ ಆಲ್ಬಂ ಥರದ ರೆಡಿಮೇಡ್ ಮದುವೆ ಪ್ರಾಜೆಕ್ಟ್‌ಗಳು ಮಾರಾಟಕ್ಕೆ ಸಿಗುತ್ತವೆ. ಪಕ್ಕದ ಊರಿನ ಎಡಿಟರ್‌ಗೆ ಕೆಲಸ ಕಳಿಸಿದರೆ ಅವನ ಬಳಿಯೂ ಅದೇ ಇರುತ್ತದೆ.

ದುಡ್ಡಿನ ಲೆಕ್ಕ

ರಿಸಾಲ್ವ್ ಸ್ಟುಡಿಯೊ ಒಮ್ಮೆ ಕೊಟ್ಟರೆ ಮುಗಿಯಿತು, 295 ಡಾಲರ್. ಪ್ರೀಮಿಯರ್ ಪ್ರೊ ಬಾಡಿಗೆ ಮನೆ ಇದ್ದ ಹಾಗೆ. ಅಡೋಬಿ 2013ರಿಂದ ಈ ಪದ್ಧತಿಗೆ ಹೋಯಿತು. ವರ್ಷದ ಒಪ್ಪಂದಕ್ಕೆ ಅಮೆರಿಕದ ದರ ತಿಂಗಳಿಗೆ ಸುಮಾರು 23 ಡಾಲರ್ ಅಂತ ಹಿಡಿದರೆ ವರ್ಷಕ್ಕೆ 276. ಹೆಚ್ಚುಕಡಿಮೆ ಒಂದು ವರ್ಷದ ಬಾಡಿಗೆಯೂ ಇನ್ನೊಂದರ ಪೂರ್ತಿ ಬೆಲೆಯೂ ಒಂದೇ. ವರ್ಷದ ಒಪ್ಪಂದವನ್ನು ನಡುವೆ ಮುರಿದರೆ ದಂಡವೂ ಬೀಳಬಹುದು, ಷರತ್ತು ಓದಿಕೊಳ್ಳಿ. ಪ್ರೀಮಿಯರ್ ಎಲಿಮೆಂಟ್ಸ್ ಮೊದಲು ಒಮ್ಮೆ ಕೊಂಡರೆ ಸದಾ ನಿಮ್ಮದು. 2025ರ ಆವೃತ್ತಿಯಿಂದ ಅದಕ್ಕೂ ಮೂರು ವರ್ಷದ ಅವಧಿ ಬಂತು.

ಕ್ರ್ಯಾಕ್ ಮಾಡಿದ್ದು ಪೆನ್‌ಡ್ರೈವ್‌ನಲ್ಲಿ ಸಿಗುತ್ತಲ್ಲ ಅನ್ನುವವರಿಗೆ ಒಂದೇ ಮಾತು: ಗಿರಾಕಿಯ ಮದುವೆ ಫೂಟೇಜ್ ಇರುವ ಕಂಪ್ಯೂಟರ್‌ಗೆ ವೈರಸ್ ಕರೆತರುವ ಅತಿ ಸುಲಭದ ದಾರಿ ಅದು.

ಬೆಳೆದ ಮೇಲೆ ಮನೆ ಬದಲಿಸುವ ಖರ್ಚೂ ಒಂದಿದೆ. ಐಮೂವಿಯಲ್ಲಿ ಮಾಡಿದ್ದನ್ನು ಫೈನಲ್ ಕಟ್‌ಗೆ ಕಳಿಸಬಹುದು, ಅಲ್ಲಿಂದ ವಾಪಸ್ ಬರುವುದಕ್ಕೆ ಆಗಲ್ಲ. ಉಚಿತ ರಿಸಾಲ್ವ್‌ನ ಪ್ರಾಜೆಕ್ಟ್ ಸ್ಟುಡಿಯೊದಲ್ಲಿ ಹಾಗೇ ತೆರೆಯುತ್ತದೆ. ಬೇರೆ ಬೇರೆ ಕಂಪನಿಗಳ ನಡುವೆ ಓಡಾಡುವಾಗ ಕಟ್‌ಗಳು ಉಳಿಯುತ್ತವೆ, ಟೈಟಲ್, ಎಫೆಕ್ಟ್‌ಗಳು ಉದುರಿಹೋಗುತ್ತವೆ.

ಯಾರಿಗೆ ಯಾವುದು?

ಫೋನಿನಲ್ಲಿ ತೆಗೆದು, ಫೋನಿನಲ್ಲೇ ನೋಡುವವರಿಗೆ ತೋರಿಸುವುದಾದರೆ ಸಾಧಾರಣ ಆವೃತ್ತಿ ಸಾಕು. ಕೆಲವೊಮ್ಮೆ ಅದೇ ಮೇಲು ಕೂಡ. ಫೋನ್‌ಗಳು ಬೆಳಕು ನೋಡಿಕೊಂಡು ಫ್ರೇಮ್‌ಗಳ ವೇಗವನ್ನು ಹಿಂದೆಮುಂದೆ ಮಾಡುತ್ತವೆ. ಫೋನ್ ಆ್ಯಪ್‌ಗಳಿಗೆ ಅದರ ಅಭ್ಯಾಸ ಇರುತ್ತದೆ. ಕೆಲವು ಪ್ರೊಫೆಷನಲ್ ಎಡಿಟರ್‌ಗಳಲ್ಲಿ ಅಂಥ ಉದ್ದನೆಯ ಕ್ಲಿಪ್ ಹಾಕಿದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಪಾಠದ ವಿಡಿಯೋ ಮಾಡುವ ಮೇಷ್ಟ್ರಿಗೆ ವಿಂಡೋಸ್‌ನ ಕ್ಲಿಪ್‌ಚಾಂಪ್ ಉಚಿತದಲ್ಲೇ 1080ಪಿ ವಿಡಿಯೋ ಕೊಡುತ್ತದೆ, ವಾಟರ್‌ಮಾರ್ಕ್ ಇಲ್ಲದೆ. ಅವರು ದುಡ್ಡನ್ನು ಒಂದು ಒಳ್ಳೇ ಮೈಕ್‌ಗೆ ಹಾಕಲಿ.

ಎರಡು ಮೂರು ಕ್ಯಾಮೆರಾ, 10-ಬಿಟ್ ಫೈಲ್, ದುಡ್ಡು ಕೊಟ್ಟ ಗಿರಾಕಿ, ಧ್ವನಿಗೆ ಬೇರೆ ಮನುಷ್ಯ, ಇವುಗಳಲ್ಲಿ ಎರಡಾದರೂ ಇದ್ದರೆ ಪ್ರೊಫೆಷನಲ್ ಕಡೆ ನೋಡಿ. ಥಿಯೇಟರ್‌ಗೆ ಹೋಗುವ ಸಿನಿಮಾವಾದರೆ ಪ್ರಶ್ನೆಯೇ ಇಲ್ಲ. ಥಿಯೇಟರ್ ಕೇಳುವ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಫೈಲ್‌ನಲ್ಲಿ ಬಣ್ಣದ ಲೆಕ್ಕದಿಂದ ಹಿಡಿದು ಧ್ವನಿಯ ಚಾನೆಲ್‌ವರೆಗೆ ಎಲ್ಲಕ್ಕೂ ಕಟ್ಟುನಿಟ್ಟು.

ಎಡಿಟಿಂಗನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವ ಹುಡುಗರು ಉಚಿತ ರಿಸಾಲ್ವ್‌ನಿಂದ ಶುರು ಮಾಡಲಿ. ಮೊದಲ ವಾರ ತಲೆ ಕೆಡುತ್ತದೆ. ಆದರೆ ಅಲ್ಲಿ ಕಲಿತದ್ದು ಮುಂದೆ ಬೇರೆ ಯಾವ ಎಡಿಟರ್‌ಗೆ ಹೋದರೂ ಕೆಲಸಕ್ಕೆ ಬರುತ್ತದೆ.

ಕೊಳ್ಳುವ ಮುಂಚೆ ಅರ್ಧ ಗಂಟೆ

ದುಡ್ಡು ಕೊಡುವ ಮೊದಲು ಟ್ರಯಲ್ ಆವೃತ್ತಿ ಹಾಕಿಕೊಳ್ಳಿ. ಕಂಪನಿ ಕೊಡುವ ಸ್ಯಾಂಪಲ್ ವಿಡಿಯೋ ಬೇಡ, ನಿಮ್ಮದೇ ಕ್ಯಾಮೆರಾದ ಒಂದು ನಿಮಿಷದ ಕ್ಲಿಪ್ ಹಾಕಿ. ಎರಡು ಕಡೆ ಕತ್ತರಿಸಿ. ಕತ್ತಲಿರುವ ಜಾಗವನ್ನು ಸ್ವಲ್ಪ ಬೆಳಗಿಸಿ. ಮೇಲೆ "ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ" ಅಂತ ಟೈಪ್ ಮಾಡಿ. ಎಕ್ಸ್‌ಪೋರ್ಟ್ ಒತ್ತಿ, ಗಡಿಯಾರ ನೋಡಿಕೊಳ್ಳಿ. ಬಂದ ಫೈಲನ್ನು ಫೋನಿನಲ್ಲೂ ಮನೆಯ ಟಿವಿಯಲ್ಲೂ ಹಾಕಿ ನೋಡಿ.

ತಿಪಟೂರಿನವನು ಹೀಗೆ ಮೂರು ಸಾಫ್ಟ್‌ವೇರ್ ಪರೀಕ್ಷೆ ಮಾಡಿದ. ಒಂದರಲ್ಲಿ ಚಿತ್ರ ಬಂತು, ಒತ್ತಕ್ಷರ ಒಡೆಯಿತು. ಇನ್ನೊಂದರಲ್ಲಿ ಅಕ್ಷರ ಸರಿ, ಒಂದು ನಿಮಿಷದ ವಿಡಿಯೋಗೆ ಒಂಬತ್ತು ನಿಮಿಷ ಹಿಡಿಯಿತು. ಮೂರನೆಯದನ್ನು ಕೊಂಡ. ಆದರೂ ಮುಹೂರ್ತದ ಐದು ಗಂಟೆಯ ಪೂರ್ತಿ ವಿಡಿಯೋವನ್ನು ಈಗಲೂ 8-ಬಿಟ್‌ನಲ್ಲೇ ತೆಗೆಯುತ್ತಾನೆ. 10-ಬಿಟ್ ಹಾಕುವುದು ಐದು ನಿಮಿಷದ ಹೈಲೈಟ್ಸ್‌ಗೆ ಮಾತ್ರ. "ಪೂರ್ತಿ ಮದುವೆ ಕೂತು ನೋಡೋರು ಅಜ್ಜಿ ಒಬ್ರೇ ಅಣ್ಣಾ," ಅಂದ, "ಅವರಿಗೆ ಮುಖ ಕಂಡ್ರೆ ಸಾಕು."